ಕಂಪ್ಯೂಟರಿನ ಪಾಸ್ ಚೆಕ್ ಮಾಡಿದೆ

ನನ್ನ ಮೊಮ್ಮಗಳಿಗೆ ಕೆಲಸ ಸಿಕ್ತು!

ಮೊದಲು ಈ ಸುದ್ದಿ ಹೇಳಿಬಿಡ್ತೀನಿ, ಆಮೇಲೆ ಉಳಿದದ್ದು. ಹಾಲಿನವನಿಗೆ ಹೇಳಿದೆ. ಪೇಪರಿನವನಿಗೆ ಹೇಳಿದೆ. ನ್ಯಾಮತಿ ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮಾರೋ ಸರೋಜಮ್ಮನಿಗೆ ಎರಡು ಸಲ ಹೇಳಿದೆ (ಮೊದಲ ಸಲ ಆಕೆ ಗಿರಾಕಿ ಕಡೆ ನೋಡ್ತಿದ್ಲು). ಸವಳಂಗದ ಬಸ್ಸಿನಲ್ಲಿ ಪಕ್ಕ ಕೂತಿದ್ದ, ಹೆಸರೂ ಗೊತ್ತಿಲ್ಲದ ಒಬ್ಬರಿಗೂ ಹೇಳಿದೆ. ಅವರು "ಒಳ್ಳೇದಾತು ಬಿಡ್ರಿ" ಅಂದು ಮುಂದಿನ ಸ್ಟಾಪಿನಲ್ಲಿ ಇಳಿದುಹೋದರು. ಅದು ಅವರ ಸ್ಟಾಪ್ ಹೌದೋ ಅಲ್ಲವೋ ನನಗೆ ಈಗಲೂ ಅನುಮಾನ.

ಮೊಮ್ಮಗಳ ಹೆಸರು ಚೈತ್ರಾ. ಬಿ.ಕಾಂ. ಮುಗಿಸಿದಾಳೆ. ಆಸ್ಪತ್ರೆ ಬಿಲ್ಲುಗಳನ್ನ ತಾಳೆ ನೋಡೋ ಕೆಲಸ. ಮನೆಯಲ್ಲೇ ಕೂತು, ಮನೆ ಕಂಪ್ಯೂಟರಿನಲ್ಲೇ ಮಾಡೋದು. ಫೋನಿನಲ್ಲೇ ಇಂಟರ್‌ವ್ಯೂ ಆಯ್ತು, ಪಾಸಾದಳು. ಆದರೆ ಕಂಪನಿಯವರು ಒಂದು ಕಂಡೀಷನ್ ಹಾಕಿದರು.

ಅವರದೊಂದು ಪುಟ್ಟ ಪ್ರೋಗ್ರಾಂ ನಮ್ಮ ಕಂಪ್ಯೂಟರನ್ನ ತಪಾಸಣೆ ಮಾಡುತ್ತಂತೆ. ಅದರಲ್ಲಿ ಎರಡು ದೀಪ. ಆ್ಯಂಟಿವೈರಸ್ ಇವತ್ತಿನವರೆಗೂ ಅಪ್‌ಡೇಟ್ ಆಗಿದ್ದರೆ ಒಂದು ಹಸಿರು. ಫೈರ್‌ವಾಲ್ ಆನ್ ಇದ್ದರೆ ಇನ್ನೊಂದು ಹಸಿರು. ಗುರುವಾರ ಮಧ್ಯಾಹ್ನ ಹನ್ನೆರಡರೊಳಗೆ ಎರಡೂ ಹಸಿರಾಗಬೇಕು. ಆಗಲಿಲ್ಲವೋ, ಲಿಸ್ಟಿನಲ್ಲಿ ಮುಂದಿನ ಹೆಸರು ಯಾರದೋ ಅವರಿಗೆ ಕೆಲಸ.

ಸೋಮವಾರ ಬೆಳಗ್ಗೆ ನಮ್ಮ ಮನೆಯಲ್ಲಿ ಎರಡೂ ಕೆಂಪು.

ಪ್ರತಿ ವಾರ ನನ್ನ ಹರಟೆ ಓದೋರಿಗೆ ಗೊತ್ತೇ ಐತೆ. ನಾನು ಸ್ಕೂಲಿನಲ್ಲಿ ಓದಿದ್ದು ನಾಲ್ಕನೇ ಕ್ಲಾಸು. ಮಿಕ್ಕಿದ್ದೆಲ್ಲ ಹೊನ್ನಾಳಿ ಲೈನಿನ ಪ್ರೈವೇಟ್ ಬಸ್ಸಿನ ಫುಟ್‌ಬೋರ್ಡಿನ ಮೇಲೆ, ಕಂಡಕ್ಟರ್ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಕಲಿತಿದ್ದು. ಅಂಥವನು ಈ ವಾರ ಆ್ಯಂಟಿವೈರಸ್ ಬಗ್ಗೆ ಬರೀತಿದೀನಿ. ನಗಬ್ಯಾಡ್ರಿ. ನಕ್ಕರೂ ಪೂರ್ತಿ ಓದಿ ನಗ್ರಿ.

ನಮ್ಮ ಕಂಪ್ಯೂಟರ್ ಹಳೇದು. ಹೊನ್ನಾಳಿಯಲ್ಲಿ ಬಾಗಿಲು ಹಾಕಿದ ಒಂದು ಜೆರಾಕ್ಸ್ ಅಂಗಡಿಯಿಂದ ತಂದದ್ದು. ಪಡಸಾಲೆ ಮೂಲೆಯಲ್ಲಿ, ನನ್ನ ಹೆಂಡತಿ ಗೌರಮ್ಮ ಹಳೇ ಸೀರೆಯಲ್ಲಿ ಹೊಲಿದ ಗವಸು ಹಾಕ್ಕೊಂಡು ಕೂತಿರುತ್ತೆ.

ಚೈತ್ರಾ ಅಪ್‌ಡೇಟ್ ಒತ್ತಿದಳು. ಒಂದು ಚಕ್ರ ತಿರುಗ್ತು, ತಿರುಗ್ತು, ನಿಂತುಬಿಡ್ತು. "ಅಪ್‌ಡೇಟ್ ಫೇಲ್" ಅಂತ ಬಂತು. ಮತ್ತೆ ಒತ್ತಿದಳು. ಮತ್ತೆ ಫೇಲ್. ಕೆಲವು ಪೇಜುಗಳೂ ತೆರೀಲಿಲ್ಲ.

ಇಂಥ ಹೊತ್ತಿನಲ್ಲಿ ಊರಿನ ಜನ ಸುಮ್ಮನೆ ಇರ್ತಾರಾ?

ನನ್ನ ಮಗ ಬಸವರಾಜ "ನೆಟ್ ಸ್ಲೋ" ಅಂದ. ಫೋನಿನ ನೆಟ್ ಕೊಟ್ಟು ನೋಡಿದರು. ಫೇಲ್. ಎದುರುಮನೆ ಮೇಷ್ಟ್ರು ಬಂದು "ಹಳೇದು ಪೂರ್ತಿ ಕಿತ್ತು ಹೊಸದು ಹಾಕು" ಅಂದರು. ತಮ್ಮ ಪೆನ್‌ಡ್ರೈವ್‌ನಲ್ಲಿ ಹೊಸದನ್ನ ತಂದೂ ಕೊಟ್ಟರು. ಹಾಕಿದ್ದಾಯ್ತು. ಹೊಸದೂ ಫೇಲ್. "ಹಾಗಾದ್ರೆ ಕಂಪ್ಯೂಟರ್ರೇ ಹೊಸದು ತಗೊಳ್ರಿ" ಅಂದು ಮೇಷ್ಟ್ರು ಕಾಫಿ ಕುಡಿದು ಹೋದರು. ಗೌರಮ್ಮ ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿದ್ವಿ. ಕಂಪ್ಯೂಟರ್ ಮಾತ್ರ ಕೆಮ್ಮಲಿಲ್ಲ.

ನಮಗೆ ಗೊತ್ತಿರೋ ಒಬ್ಬನೇ ಕಂಪ್ಯೂಟರ್ ರಿಪೇರಿಯವನು ಹೊನ್ನಾಳಿಯ ಇರ್ಫಾನ್. ಫೋನ್ ಮಾಡಿದರೆ ಅವನು ಜಗಳೂರಿನಲ್ಲಿ, ತಂಗಿ ಮದುವೆಯಲ್ಲಿ. ಹಿಂದೆ ಬ್ಯಾಂಡು.

"ಯಜಮಾನ್ರೇ, ಶುಕ್ರವಾರ ಬರ್ತೀನಿ!"

"ಗುರುವಾರ ಹನ್ನೆರಡಕ್ಕೆ ಕೊನೆ ಕಣಪ್ಪಾ!"

"ಏನು? ಊಟ ಆಯ್ತು, ಊಟ ಆಯ್ತು!"

ಮಂಗಳವಾರ ಪೂರ್ತಿ ಹಿಂಗೇ ಹೋಯ್ತು. ಬುಧವಾರ ಬೆಳಗ್ಗೆ ಚೈತ್ರಾ ಕಂಪ್ಯೂಟರ್ ಮುಂದೆ ಫೋನ್ ಹಿಡ್ಕೊಂಡು ಕೂತಿದ್ಲು. ಏನವ್ವಾ ಅಂದೆ. "ಇನ್ನೆರಡು ದಿನ ಟೈಮ್ ಕೊಡ್ರಿ ಅಂತ ಕಂಪನಿಗೆ ಬರೀತಿದೀನಿ ಅಜ್ಜ" ಅಂದಳು. "ಕೊಡ್ತಾರಾ?" ಅಂದೆ. ಮೂಗು ಒರೆಸಿಕೊಂಡಳು.

ಆ ಹುಡುಗಿ ಹೊನ್ನಾಳಿ ಕಾಲೇಜಿಗೆ ಹೋಗುವಾಗ ಮೂರು ವರ್ಷ ಬಸ್ಸಿನಲ್ಲಿ ನಿಂತೇ ಪುಸ್ತಕ ಓದಿದಾಳೆ. ಒಂದು ಚಕ್ರ ತಿರುಗಲಿಲ್ಲ ಅಂತ ಕೆಲಸ ಬಿಡಬೇಕಾ? ಟೀ ಲೋಟ ಹಿಡ್ಕೊಂಡು ಅವಳ ಹಿಂದೆ ಹೋಗಿ ನಿಂತೆ.

ಕಂಡಕ್ಟರ್ ಕೆಲಸ ಬಿಟ್ಟರೂ ಕಣ್ಣು ಬಿಡಲ್ಲ ನೋಡ್ರಿ. ಸ್ಟೂಡೆಂಟ್ ಪಾಸ್ ಕೊಟ್ಟರೆ ನಾನು ಫೋಟೊ ನೋಡ್ತಿರಲಿಲ್ಲ, ಹೆಸರೂ ನೋಡ್ತಿರಲಿಲ್ಲ. ಮೊದಲು ತಾರೀಖು. ಫೋಟೊದಲ್ಲಿ ಎಲ್ಲರೂ ಒಂದೇ ಥರ ಕಾಣ್ತಾರೆ, ಮೋಸ ಇದ್ದರೆ ತಾರೀಖಿನಲ್ಲೇ ಇರುತ್ತೆ. ಆ ಅಭ್ಯಾಸಕ್ಕೆ ಕಣ್ಣು ತಾನಾಗೇ ಸ್ಕ್ರೀನಿನ ಕೆಳಗಿನ ಮೂಲೆಗೆ ಹೋಯ್ತು. ಇರುವೆ ಸಾಲಿನಂಥ ಅಂಕಿ. ಕನ್ನಡಕ ಏರಿಸಿ ಬಗ್ಗಿ ನೋಡಿದೆ.

"ಏನವ್ವಾ, ಇವತ್ತು ಜನವರಿ ಒಂದಾ?"

"ಅಜ್ಜ, ಸುಮ್ನಿರು."

"ಅಲ್ಲವ್ವಾ, ವರ್ಷ ನೋಡು. ನೀನು ಪ್ರೈಮರಿ ಸ್ಕೂಲಿಗೆ ಹೋಗ್ತಿದ್ದ ವರ್ಷ ತೋರಿಸ್ತಾ ಐತೆ ಇದು!"

ಅವಳು ನೋಡಿದಳು. ಬಾಯಿ ತೆರೆದಳು. (ಅವಳನ್ನ ಬೈಯಬ್ಯಾಡ್ರಿ. ಈಗಿನ ಮಕ್ಕಳು ಟೈಮ್ ನೋಡೋದು ಫೋನಿನಲ್ಲಿ. ಕಂಪ್ಯೂಟರಿನ ಮೂಲೆ ಯಾರು ನೋಡ್ತಾರೆ?)

ಆಮೇಲೆ ಅವಳೇ ನನಗೆ ಬಿಡಿಸಿ ಹೇಳಿದಳು. ಆ್ಯಂಟಿವೈರಸ್ ಹೊಸ ಮಾಲು ತರಾಕೆ ಅದರ ಕಂಪನಿ ಹತ್ರ ಹೋಗಬೇಕು. ಅಲ್ಲಿ ಒಂದು ಗುರುತಿನ ಚೀಟಿ ತೋರಿಸ್ತಾರೆ, ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಇರುತ್ತೆ. ನಮ್ಮ ಕಂಪ್ಯೂಟರ್ ಎಷ್ಟೋ ವರ್ಷ ಹಿಂದೆ ನಿಂತು ಆ ಚೀಟಿ ನೋಡಿದರೆ? ಇದು ಇನ್ನೂ ಶುರುವೇ ಆಗಿಲ್ಲ, ನಡೆಯಲ್ಲ ಅಂತ ಬಾಗಿಲು ಹಾಕುತ್ತೆ. ನಾನಾದರೂ ಅಷ್ಟೇ ಮಾಡ್ತಿದ್ದೆ. ಮುಂದಿನ ತಿಂಗಳ ಪಾಸ್ ಹಿಡ್ಕೊಂಡು ಈ ತಿಂಗಳು ಹತ್ತಿದರೆ ಬಿಡ್ತಿದ್ನಾ?

ತಾರೀಖು ಸರಿ ಮಾಡಿದಳು. ಅಪ್‌ಡೇಟ್ ಒತ್ತಿದಳು. ಚಕ್ರ ತಿರುಗ್ತು, ತಿರುಗ್ತು, ಒಂದು ಗೆರೆ ತುಂಬ್ತಾ ತುಂಬ್ತಾ ಕೊನೇತನಕ ಹೋಯ್ತು. ಹಸಿರು!

"ರೈಟ್ ರೈಟ್!" ಅಂತ ಕೂಗಿದೆ. ಬೀದಿಯ ನಾಯಿ ಎದ್ದು ಕೂತಿತು.

ಈಗ ಫೈರ್‌ವಾಲ್. ಅಷ್ಟೊತ್ತಿಗೆ ಹಸಿರು ದೀಪದ ಸುದ್ದಿ ಕೇಳಿ ಮೇಷ್ಟ್ರು ಮತ್ತೆ ಬಂದಿದ್ದರು. ಅವರ ಅಳಿಯ ಒಂದು ಫೈರ್‌ವಾಲ್ ಹೇಳಿದ್ದನಂತೆ, ಪುಕ್ಕಟೆಯಂತೆ, ಭಾರೀ ಅಂತೆ. ಇನ್ನೊಂದು ದುಡ್ಡು ಕೊಟ್ಟು ತಗೊಳ್ಳೋದು, ಅದು ಇನ್ನೂ ಭಾರೀ. "ಎರಡೂ ಹಾಕಿಬಿಡವ್ವಾ, ಒಂದು ಮಲಗಿದ್ರೆ ಇನ್ನೊಂದು ಎದ್ದಿರುತ್ತೆ" ಅಂದರು.

"ಮೊದಲು ಅದು ಏನು ಕೆಲಸ ಮಾಡುತ್ತೆ ಹೇಳವ್ವಾ" ಅಂದೆ.

"ನಾವು ಕರೀದೆ ಹೊರಗಿಂದ ಯಾರಾದ್ರೂ ಒಳಗೆ ಬಂದ್ರೆ ತಡೆಯುತ್ತೆ ಅಜ್ಜ. ಹೊಸ ಪ್ರೋಗ್ರಾಂ ಬಂದ್ರೆ, ಇದನ್ನ ಬಿಡ್ಲಾ ಬ್ಯಾಡ್ವಾ ಅಂತ ನಮ್ಮನ್ನ ಕೇಳುತ್ತೆ."

ಅಂದರೆ ಬಾಗಿಲಲ್ಲಿ ನಿಲ್ಲೋ ಕಂಡಕ್ಟರು! ಅಷ್ಟೇ ತಾನೇ? ಇದರಲ್ಲಿ ನನಗೆ ಅನುಭವ ಐತೆ. ಒಂದು ಸಲ ನಮ್ಮ ಮಾಲೀಕರು ಜಾತ್ರೆ ರಶ್ಶಿಗೆ ಅಂತ ಒಂದೇ ಬಸ್ಸಿಗೆ ಇಬ್ಬರು ಕಂಡಕ್ಟರ್ ಹಾಕಿದರು. ಏನಾಯ್ತು? ನಾನು ಹತ್ತಿಸಿದವರನ್ನ ಅವನು ಇಳಿಸಿದ, ಅವನು ಹತ್ತಿಸಿದವರನ್ನ ನಾನು ಇಳಿಸಿದೆ. ನಮ್ಮಿಬ್ಬರ ಜಗಳದಲ್ಲಿ ಅರ್ಧ ಬಸ್ಸು ಟಿಕೆಟ್ಟಿಲ್ಲದೆ ಬಂತು.

"ಒಂದೇ ಸಾಕು. ಯಾವುದು ಅಂತ ನೀನು ನೋಡು" ಅಂದೆ.

ಹುಡುಕಿದರೆ, ಕಂಪ್ಯೂಟರಿನ ಜತೆಗೇ ಬಂದ ಫೈರ್‌ವಾಲ್ ಒಂದು ಒಳಗೇ ಕೂತಿತ್ತು. ಹಿಂದೆ ಪ್ರಿಂಟರ್ ಹಾಕುವಾಗ ಯಾರೋ ಆಫ್ ಮಾಡಿ ಮರೆತಿದ್ದರು. ಮನೆ ಬಳಕೆಗೆ ಅದೇ ಆಗುತ್ತೆ ಅಂತ ಕಂಪನಿ ಪತ್ರದಲ್ಲೂ ಬರೆದಿತ್ತು. ನಾವು ಅದನ್ನ ಬಿಟ್ಟು ಊರೆಲ್ಲ ವಿಚಾರಿಸ್ತಿದ್ವಿ.

ಆನ್ ಮಾಡಿದಳು. ಎರಡನೇ ದೀಪವೂ ಹಸಿರು! ಆಮೇಲೆ ಈ ನೆಟ್‌ವರ್ಕ್ ಪಬ್ಲಿಕ್ಕಾ ಪ್ರೈವೇಟಾ ಅಂತ ಕೇಳಿತಂತೆ.

"ಪ್ರೈವೇಟ್ ಅಂತ ಹಾಕು. ನಾನು ಜೀವಮಾನ ಪೂರ್ತಿ ಪ್ರೈವೇಟಿನಲ್ಲೇ ದುಡಿದವನು."

"ಬಸ್‌ಸ್ಟ್ಯಾಂಡಿನಂಥ ಜಾಗಕ್ಕೆ ಪಬ್ಲಿಕ್ ಅಜ್ಜ, ಮನೆಗೆ ಪ್ರೈವೇಟ್. ಕಾರಣ ತಪ್ಪು, ಉತ್ತರ ಸರಿ" ಅಂತ ನಕ್ಕಳು. ಮೂರು ದಿನದ ಮೇಲೆ ನಕ್ಕಳು.

"ಈಗಲೇ ಕಂಪನಿಗೆ ಕಳಿಸು" ಅಂದೆ. ಕಂಪನಿಯವರು ಅದನ್ನ ತಗೊಳ್ಳೋದು ಗುರುವಾರ ಬೆಳಗ್ಗೆ ಹತ್ತರ ಮೇಲೇ ಅಂತೆ. ಇರಲಿ ಬಿಡು, ಹಸಿರು ಎಲ್ಲಿಗೆ ಹೋಗುತ್ತೆ? ತಾರೀಖು ಹಿಡಿದ ಕಥೆಯನ್ನ ಅವತ್ತೇ ಸರೋಜಮ್ಮನವರೆಗೂ ಹೇಳಿ ಬಂದೆ.

ಗುರುವಾರ ಹತ್ತು ಗಂಟೆಗೆ ಕಂಪ್ಯೂಟರ್ ಹಾಕಿದಳು. ಆ್ಯಂಟಿವೈರಸ್ ಕೆಂಪು. ತಾರೀಖು ಜನವರಿ ಒಂದು. ಅದೇ ಪ್ರೈಮರಿ ಸ್ಕೂಲಿನ ವರ್ಷ.

ಇರ್ಫಾನ್‌ಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ್ವಿ. ಪುಣ್ಯಕ್ಕೆ ಬ್ಯಾಂಡು ನಿಂತಿತ್ತು.

"ಚೈತ್ರಕ್ಕಾ, ಒಳಗೆ ನಾಣ್ಯದಂಗೆ ಒಂದು ಸೆಲ್ ಐತೆ, ಅದು ಸತ್ತೈತೆ. ಕರೆಂಟ್ ಇರೋತನಕ ಗಡಿಯಾರ ನಡೆಯುತ್ತೆ. ಪ್ಲಗ್ ಕಿತ್ತರೆ ತಾರೀಖು ಮರೆತುಬಿಡುತ್ತೆ. ನಿಮ್ಮನೇಲಿ ಯಾರು ಪ್ಲಗ್ ಕೀಳ್ತಾರೆ?"

ಎಲ್ಲರೂ ನನ್ನ ಕಡೆ ತಿರುಗಿದರು.

ಹೌದು, ನಾನೇ. ಮೋಡ ಗುಡುಗಿದರೆ ಕೀಳ್ತೀನಿ. ಗುಡುಗದಿದ್ದರೂ ದೀಪ ಹಚ್ಚೋ ಹೊತ್ತಿಗೆ ಕೀಳ್ತೀನಿ, ಮುಂದೆ ಗುಡುಗಿದರೆ? ಟಿ.ವಿ., ಮಿಕ್ಸಿ, ಕಂಪ್ಯೂಟರ್, ಎಲ್ಲ ವೈರೂ ನೆಲದ ಮೇಲೆ ಮಲಗಿದರೇ ನನಗೆ ಸಮಾಧಾನ.

"ನೋಡ್ರಿ, ಕಳ್ಳನೇ ಪತ್ತೇದಾರನಾಗಿ ಎದೆ ಉಬ್ಬಿಸ್ಕೊಂಡು ಊರೆಲ್ಲ ತಿರುಗಿದ್ದು!" ಅಂದಳು ಗೌರಮ್ಮ. "ಸರೋಜಮ್ಮನ ಹತ್ರ ಇದನ್ನೂ ಹೇಳಿ ಬರ್ರಿ."

ಹೇಳಾಕೆ ಟೈಮ್ ಎಲ್ಲಿತ್ತು? ಹತ್ತೂವರೆ. ತಾರೀಖು ಸರಿ ಮಾಡಿ ಹಂಗೇ ಕಳಿಸಬಹುದಿತ್ತು, ಆದರೆ ಅವತ್ತು ಬೆಳಗಿಂದ ಕರೆಂಟ್ ಬಂದು ಹೋಗಿ ಮಾಡ್ತಿತ್ತು. ತಪಾಸಣೆ ಮಧ್ಯೆ ಹೋದರೆ ಮತ್ತೆ ಜನವರಿ ಒಂದು. ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡ್ ಹತ್ರದ ವಾಚ್ ರಿಪೇರಿ ಅಂಗಡಿಗೆ ಹೋದೆ. ಹೋದೆ ಏನು, ಓಡಿದೆ. ಓಡುವ ಬಸ್ ಹತ್ತಿ ಅಭ್ಯಾಸ ಇರೋ ಕಾಲು, ಈ ವಯಸ್ಸಿನಲ್ಲೂ ಮಾತು ಕೇಳಿತು. ಇರ್ಫಾನ್ ಹೇಳಿದ ನಂಬರಿನ ಸೆಲ್ ಸಿಕ್ತು.

ಪ್ಲಗ್ ಕಿತ್ತು (ಈ ಸಲ ಎಲ್ಲರ ಒಪ್ಪಿಗೆ ಪಡೆದು!) ಚೈತ್ರಾ ಡಬ್ಬ ಬಿಚ್ಚಿದಳು. ಒಳಗೆ ಹಿಡಿ ಧೂಳು. ಜಗಳೂರಿಂದ ಇರ್ಫಾನ್ ಹೇಳ್ತಾ ಹೋದ, ಇವಳು ಮಾಡ್ತಾ ಹೋದಳು. ನಾನು ಟಾರ್ಚ್ ಹಿಡಿದಿದ್ದೆ. "ಅಜ್ಜ, ಬೆಳಕು ಡ್ಯಾನ್ಸ್ ಮಾಡ್ತೈತೆ" ಅಂದಳು. ಹಳೇ ಸೆಲ್ ತೆಗೆದು ಹೊಸದನ್ನ ಕೂರಿಸಿದಳು.

ತಾರೀಖು ಹಾಕಿದಳು. ಪರೀಕ್ಷೆಗೆ ಅಂತ ಪ್ಲಗ್ ಒಮ್ಮೆ ಕಿತ್ತು ಮತ್ತೆ ಹಾಕಿದಳು. ತಾರೀಖು ಹಂಗೇ ನಿಂತಿತ್ತು. ಅಪ್‌ಡೇಟ್ ಆಯ್ತು. ಹಸಿರು, ಹಸಿರು. ಕಂಪನಿಗೆ ಹೋಯ್ತು. ಹನ್ನೊಂದು ಐವತ್ತಕ್ಕೆ ಫೋನಿಗೆ ಪತ್ರ ಬಂತು. ಓದಿದವಳೇ ಅಜ್ಜಿಯನ್ನ ಎತ್ತಿ ಒಂದು ಸುತ್ತು ತಿರುಗಿಸಿದಳು. "ಬಿಡೇ, ಸೊಂಟ ಮುರೀತೀಯ!" ಅಂತ ಗೌರಮ್ಮ ಕೂಗಿದಳೇ ಹೊರತು ಇಳೀಲಿಲ್ಲ.

ನಾನು ಒಂದು ಮಾತು ಯೋಚನೆ ಮಾಡ್ತೀನಿ. ನೆಟ್ ಬದಲಾಯಿಸು ಅಂದರು, ಆ್ಯಂಟಿವೈರಸ್ ಬದಲಾಯಿಸು ಅಂದರು, ಕಂಪ್ಯೂಟರ್ರೇ ಬದಲಾಯಿಸು ಅಂದರು. ಮೂಲೆಯಲ್ಲಿದ್ದ ತಾರೀಖು ಮಾತ್ರ ಯಾರೂ ನೋಡಲಿಲ್ಲ. ನಿಮ್ಮ ಮನೆಯಲ್ಲೂ ಏನಾದರೂ ಕೆಟ್ಟು ಕೂತಿದ್ದರೆ, ಎಸೆಯೋ ಮೊದಲು ಮೂಲೆಗಳನ್ನ ಒಂದು ಸಲ ನೋಡ್ರಿ.

ಸಂಜೆ ಮಗ ಬಸವರಾಜ ಮಗಳನ್ನ ಕೇಳಿದ, "ಕೆಲಸ ಸಿಕ್ಕ ಖುಷಿಗೆ ಏನು ಕೊಡಿಸಲಿ ಹೇಳು." ಚೂಡಿದಾರ್ ಕೇಳ್ತಾಳೆ, ಮೊಬೈಲ್ ಕೇಳ್ತಾಳೆ ಅಂದ್ಕೊಂಡಿದ್ವಿ.

"ಏನೂ ಬ್ಯಾಡಪ್ಪ. ಇವತ್ತು ಎಲ್ಲರೂ ಒಟ್ಟಿಗೆ ಕೂತು ಉಣ್ಣಬೇಕು. ಅಮ್ಮನೂ, ಅಜ್ಜಿನೂ."

"ಮತ್ತೆ ಬಡಿಸೋರು ಯಾರೇ?" ಅಂದಳು ಗೌರಮ್ಮ.

"ಪಾತ್ರೆ ನಡುವೆ ಇಟ್ಕೊಂಡ್ರೆ ಆಯ್ತು. ಕೈ ಎಲ್ಲರಿಗೂ ಐತಲ್ಲ?"

ಪಡಸಾಲೆಯಲ್ಲಿ ಚಾಪೆ ಹಾಸಿ ಸುತ್ತ ಕೂತ್ವಿ. ಮಗ, ಸೊಸೆ ಮಂಜುಳಾ, ಚೈತ್ರಾ, ನಾನು, ನನ್ನ ಪಕ್ಕದಲ್ಲಿ ಗೌರಮ್ಮ. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶಾವಿಗೆ ಪಾಯಸ. ಗೌರಮ್ಮ ಎರಡು ಸಲ ಎದ್ದಳು, ಎರಡು ಸಲವೂ ಮೊಮ್ಮಗಳು ಸೆರಗು ಹಿಡಿದು ಕೂರಿಸಿದಳು. ಮೂರನೇ ಸಲ ಏಳಲಿಲ್ಲ. ಪಾಯಸಕ್ಕೆ ರೊಟ್ಟಿ ಮುರಿದು ಹಾಕ್ಕೊಂಡು, ಕಣ್ಣು ಅರ್ಧ ಮುಚ್ಚಿ, ನಿಧಾನಕ್ಕೆ, ಚಿಕ್ಕ ಹುಡುಗಿ ಥರ ಉಂಡಳು.

ಮದುವೆಯಾಗಿ ನಲವತ್ತಾರು ವರ್ಷಕ್ಕೆ ಅವತ್ತು ನನಗೆ ಗೊತ್ತಾಯ್ತು, ಆಕೆಗೆ ಪಾಯಸದ ಜತೆ ರೊಟ್ಟಿ ಇಷ್ಟ ಅಂತ. ನಿಮ್ಮ ಮನೆಯಾಕೆಗೆ ಏನಿಷ್ಟ, ಹೇಳ್ರಿ ನೋಡೋಣ?