ಹಾಯಿಯ ಸವೆದ ಅಂಚು

ಏರ್‌ಪೋರ್ಟ್ ಬಂದಮೇಲೆ ನಮ್ಮ ದೊಡ್ಡಬಳ್ಳಾಪುರದ ಕಡೆ ಯಾರ್ಯಾರಿಗೆ ಏನೇನು ಹುಚ್ಚು ಹತ್ತಿತೋ! ನಾನು ಎಲೆಕ್ಟ್ರಿಷಿಯನ್ ಆಗಿದ್ದ ರೆಸಾರ್ಟಿನ ಯಜಮಾನರು ಅಲ್ಲಿನ ಕೆರೆಗೆಂದು ಹಳೆಯ ಹಾಯಿದೋಣಿಯೊಂದನ್ನು ತರಿಸಿದರು. "ಏರ್‌ಪೋರ್ಟಿಂದ ಗೆಸ್ಟುಗಳನ್ನ ಹನ್ನೊಂದಕ್ಕೆ ಕರ್ಕೊಂಡು ಬರ್ತೀನಿ, ಹಾಯಿ ಕಟ್ಟಿಟ್ಟಿರು" ಅಂತ ಫೋನಿನಲ್ಲೇ ಅಪ್ಪಣೆ. ಆಗಲೇ ಹತ್ತೂವರೆ.

ಮುಂದುಗಡೆಯ ಮೂರು ಮೂಲೆಯ ಹಾಯಿಯನ್ನು ಕೊಕ್ಕೆಗಳಿಂದ, ಕಂಬದ ತುದಿಯಿಂದ ದೋಣಿಯ ಮೂತಿಗೆ ಬಿಗಿದಿದ್ದ ತಂತಿಗೆ ಸಿಕ್ಕಿಸಿ, ಹಗ್ಗ ಜಗ್ಗಿ ಏರಿಸಿದೆ. ಅದು ಗಾಳಿ ತುಂಬಿಕೊಳ್ಳದೆ ಪಟಪಟ ಹೊಡೆದುಕೊಂಡಿತು. ಇಳಿಸಿದೆ, ಗಂಟು ಬದಲಿಸಿದೆ, ಮತ್ತೆ ಏರಿಸಿದೆ. ಅದೇ ಪಟಪಟ. ನನಗೆ ಮೈಯೆಲ್ಲ ಉರಿ.

ದಡದಲ್ಲಿ ಕಸ ಗುಡಿಸುತ್ತಿದ್ದ ಸುಶೀಲಮ್ಮ ಪೊರಕೆ ನಿಲ್ಲಿಸಿದರು. ಮಗ್ಗದ ಮನೆಯಲ್ಲಿ ಸೀರೆ ಮಡಚುತ್ತಲೇ ಅರ್ಧ ಆಯುಸ್ಸು ಕಳೆದವರು.

"ತಲೆಕೆಳಗಾಗಿ ಕಟ್ಟಿದೀಯ ಕಣಪ್ಪಾ."

"ನಿಮಗೇನಮ್ಮ ಗೊತ್ತು? ದೋಣಿ ಯಾವತ್ತಾದ್ರೂ ನೋಡಿದೀರಾ?"

"ದೋಣಿ ಯಾಕೆ ನೋಡ್ಬೇಕು? ಬಟ್ಟೆ ಸವೆಯೋದು ಕೆಳಗಿನ ಅಂಚಲ್ಲಿ. ನೀನು ಸವೆದ ಅಂಚನ್ನ ಮೇಲಕ್ಕೆ ಮಾಡಿದೀಯ."

ಕತ್ತೆತ್ತಿ ನೋಡಿದೆ. ಕೊಳೆ ಹತ್ತಿ ನೂಲು ಬಿಟ್ಟಿದ್ದ ಅಂಚು ನಿಜಕ್ಕೂ ಮೇಲಿತ್ತು. ಇಳಿಸಿ, ತಿರುಗಿಸಿ ಕಟ್ಟಿ, ಮತ್ತೆ ಏರಿಸಿದೆ. ಹಾಯಿ ಹೊಟ್ಟೆ ಉಬ್ಬಿಸಿ ನಿಂತಿತು.

ಅಷ್ಟರಲ್ಲಿ ಯಜಮಾನರು ಗೆಸ್ಟುಗಳ ಜೊತೆ ಬಂದೇಬಿಟ್ಟರು. "ಭೇಷ್! ಎಲ್ಲಿ ಕಲಿತ್ಯೋ?" ಅಂದರು. ನಾನು ಸುಶೀಲಮ್ಮನ ಕಡೆ ಕೈ ತೋರಿಸಿದೆ. ತಮಾಷೆ ಅಂದುಕೊಂಡು ಜೋರಾಗಿ ನಕ್ಕರು. "ಸರಿ, ಮೊದಲು ನೀನೇ ಒಂದು ಸುತ್ತು ಹೋಗಿ ಬಾ."

ಸುಶೀಲಮ್ಮ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಈಜು ಬರ್ತದೇನಪ್ಪಾ?"

ಅಷ್ಟು ಹೊತ್ತು ಹಾಯಿಯ ತಲೆ ಯಾವುದು, ಬುಡ ಯಾವುದು ಅಂತ ಒದ್ದಾಡಿದವನಿಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ.