ಹುಣಸೆಹಣ್ಣು ತಿಂದ ಇಸವಿ

ಹೇಳಬೇಕಾದ ಒಂದು ಮಾತನ್ನು ಹೇಳಬೇಕಾದ ಹೊತ್ತಿಗೆ ನಾನು ಹೇಳಲಿಲ್ಲ. ಅದರ ಬದಲು ಹರೆಯವೆಲ್ಲ ಮಣ್ಣು ಕೆದರಿದೆ. ಜನ ನನ್ನನ್ನು ನಿಧಿಯ ಹುಚ್ಚಿನವನು ಎಂದುಕೊಂಡರು. ಹಾಗೆ ಅನ್ನಿಸಿಕೊಳ್ಳುವುದೇ ಸುಖವೆಂದು ನಾನೂ ಸುಮ್ಮನಿದ್ದೆ. ಸುಮ್ಮನಿರುವುದರಲ್ಲಿ ನಾನು ಮೊದಲಿನಿಂದಲೂ ಪಳಗಿದವನು.

ನಮ್ಮದು ಸವಣೂರು, ಮನೆತನದ ವ್ಯಾಪಾರ ವೀಳ್ಯದೆಲೆ. ನನ್ನ ಶಾಲೆ ಮೂರನೆಯ ಇಯತ್ತೆಗೆ ಮುಗಿಯಿತು. ಅಕ್ಕ ನೀಲವ್ವನದು ಶುರುವೇ ಆಗಲಿಲ್ಲ. ಆದರೆ ಹಳೆಯ ನಾಣ್ಯದ ಮಟ್ಟಿಗೆ ಅವಳದು ಹದ್ದಿನ ಕಣ್ಣು. ಮಳೆ ಬಿದ್ದು ಕೋಟೆಯ ಹಾಳುಗೋಡೆಯ ಮಣ್ಣು ತೊಳೆದುಹೋದ ಮರುದಿನ ಅಲ್ಲಿಗೆ ಹೋದರೆ ಬರಿಗೈಯಲ್ಲಿ ಬಂದದ್ದು ಕಡಿಮೆ. ಸಿಕ್ಕಿದ್ದನ್ನು ಮಣ್ಣು ಸಮೇತ ಗಡಿಗೆಯಲ್ಲಿಡುವಳು. ಒಮ್ಮೆ ದಪ್ಪನೆಯ ತಾಮ್ರದ ನಾಣ್ಯವೊಂದು ಸಿಕ್ಕಿತು. ಒಂದು ಬದಿಗೆ ಆನೆ, ಇನ್ನೊಂದು ಬದಿಗೆ ಫಾರ್ಸಿ ಅಕ್ಷರ. ಅದನ್ನು ಓದಬಲ್ಲ ಬಾಜೂಮನೆಯ ಮುಲ್ಲಾಸಾಹೇಬರು ಪರವೂರಿಗೆ ಹೋಗಿದ್ದರು. ಅವರು ಬಂದು ಇಸವಿ ಹೇಳುವ ದಿನಕ್ಕಾಗಿ ಅಕ್ಕ ಕಾಯುತ್ತಿದ್ದಳು.

ಅಷ್ಟರಲ್ಲಿ ದೀಪಾವಳಿ ಬಂತು. ಲಕ್ಷ್ಮೀಪೂಜೆಗೆ ಇಡುವ ಪಾತ್ರೆ, ದುಡ್ಡು ಎಲ್ಲವನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕುವುದು ನಮ್ಮಲ್ಲಿ ರೂಢಿ. ಅಕ್ಕನ ಆನೆಯೂ ಲಕ್ಷ್ಮಿಯ ಮುಂದೆ ಹೊಳೆಯಲಿ, ಅವಳಿಗೆ ಸೋಜಿಗವಾಗಲಿ ಎಂದು ಕದ್ದು ತಿಕ್ಕಿದೆ. ಹುಣಸೆಹಣ್ಣಿಗೆ ಜಗ್ಗದಾಗ ಇಟ್ಟಂಗಿಯ ಪುಡಿ ಹಾಕಿದೆ. ಭಕ್ತಿ ಸ್ವಲ್ಪ ಹೆಚ್ಚಾಯಿತು. ನಾಣ್ಯ ಹೊಸ ತಂಬಿಗೆಯಂತೆ ಹೊಳೆಯಿತು. ಸವೆದಿದ್ದ ಅಕ್ಷರಗಳೆಲ್ಲ ಪುಡಿಯ ಜೊತೆ ಬಚ್ಚಲಿಗೆ ಹೋದವು.

ಹಬ್ಬ ಮುಗಿದ ಮೇಲೆ ಬಂದ ಮುಲ್ಲಾಸಾಹೇಬರು ನಾಣ್ಯವನ್ನು ಬೆಳಕಿಗೆ ಹಿಡಿದು, "ಯಾರ್ರೀ ಇದನ್ನ ತಿಕ್ಕಿದ್ದು? ಇಸವೀನ ತೊಳದು ಕುಂತೀರಲ್ರೀ!" ಎಂದರು. ಅಪ್ಪ ಯಾರನ್ನೂ ವಿಚಾರಿಸಲಿಲ್ಲ. ಹಬ್ಬಕ್ಕೆ ತಿಕ್ಕುವುದು ಹೆಣ್ಣುಮಕ್ಕಳ ಕೆಲಸ. ಹೀಗಾಗಿ ತಪ್ಪು ತಾನಾಗಿ ಅಕ್ಕನ ಕೊರಳಿಗೆ ಬಿತ್ತು. "ಸಾಕ್ ನಿನ್ನ ಶಾಣ್ಯಾತನ. ಇನ್ನ ಮ್ಯಾಲೆ ಕ್ವಾಟಿ ಕಡೆ ಕಾಲಿಟ್ಟಿ ಅಂದ್ರ ನೋಡು," ಎಂದು ಇಡೀ ಗಡಿಗೆಯನ್ನು ಒಯ್ದು ಕಂಚುಗಾರನಿಗೆ ಕೊಟ್ಟುಬಿಟ್ಟರು. "ನಾ ತಿಕ್ಕಿಲ್ಲಪ್ಪಾ," ಎಂದು ಅಕ್ಕ ಒಂದೇ ಸಲ ಅಂದಳು. ನಾನು ಬಾಗಿಲ ಹಿಂದೆ ನಿಂತು ಉಗುರಿನ ಸಂದಿಯ ಕೆಂಪು ಪುಡಿ ತೆಗೆಯುತ್ತಿದ್ದೆ.

ಮುಂದೆ ಅವಳನ್ನು ಮಾಸೂರಿಗೆ ಕೊಟ್ಟರು. ಪಂಚಮಿಗೆ ತವರಿಗೆ ಕರೆತರಲು ಚಕ್ಕಡಿ ಕಟ್ಟಿಕೊಂಡು ಹೋಗುವವನು ನಾನೇ. ದಾರಿಯುದ್ದಕ್ಕೂ ಮಳೆ, ಬೆಳೆ, ಎತ್ತಿನ ಕೊಂಬು ಎಲ್ಲದರ ಮಾತೂ ಆಗುತ್ತಿತ್ತು. ಕೋಟೆ ಕಂಡೊಡನೆ ಅಕ್ಕ ಮುಖವನ್ನು ಆಚೆ ತಿರುಗಿಸುತ್ತಿದ್ದಳು. ಆಗ ನಾನು ಹಟ ತೊಟ್ಟೆ. ಅಂಥದೇ ಇನ್ನೊಂದು ಆನೆಯನ್ನು ಇಸವಿ ಸಮೇತ ಹುಡುಕಬೇಕು, ಅವಳ ಕೈಯಲ್ಲಿಡಬೇಕು, ಆಮೇಲೆ ಬಾಯಿ ತೆರೆಯಬೇಕು.

ಶಿಗ್ಗಾವಿ, ಹಾನಗಲ್ಲು, ಹಿರೇಕೆರೂರು, ಎಲ್ಲಿ ಸಂತೆಯೋ ಅಲ್ಲಿ ಎಲೆ ಮಾರಿ, ಬುಟ್ಟಿ ಖಾಲಿಯಾದ ಮೇಲೆ ದಿಬ್ಬ, ಹಾಳುಗೋಡೆ, ಕೆರೆಯ ಏರಿ ಕೆದರತೊಡಗಿದೆ. ಆನೆ ಸಿಗಲಿಲ್ಲ, ಸಿಕ್ಕವು ಸೀಸೆಗಳು. ಸರ್ಕಾರಿ ಬಂಗಲೆಯ ಹಿತ್ತಲಲ್ಲಂತೂ ಔಷಧದ ಸೀಸೆ, ಶಾಯಿಯ ಸೀಸೆ, ಗೋಲಿ ಸೋಡಾದ ಸೀಸೆ. ಬಿಟ್ಟುಬರಲು ಮನಸ್ಸಾಗದೆ ಅವುಗಳ ವಯಸ್ಸು ನೋಡುವುದನ್ನು ಕಲಿತೆ. ಸೀಸೆಯ ಮೈಮೇಲೆ ಅಚ್ಚಿನದೊಂದು ಸಣ್ಣ ಗೆರೆ ಇರುತ್ತದೆ. ಅದು ಕೊರಳಲ್ಲೇ ನಿಂತಿದ್ದರೆ ಬಾಯಿಯನ್ನು ಕೈಯಿಂದ ತಿದ್ದಿದ್ದು, ಸೀಸೆ ಹಳೆಯದು. ತುಟಿಯ ತನಕ ಏರಿದ್ದರೆ ಯಂತ್ರದ್ದು, ಮೊನ್ನೆಯದು. ನನ್ನ ಮಾತು ಹಳೆಯ ಸೀಸೆಯ ಜಾತಿಗೆ ಸೇರಿದ್ದು. ಕೊರಳ ತನಕ ಬಂದು ನಿಲ್ಲುತ್ತಿತ್ತು.

"ಕೊರಳಾಗ ಲಿಂಗ, ಬುಟ್ಟ್ಯಾಗ ಸೀಸೆ! ಖಾಲಿ ಮಾಡಿದಾಂವ ಯಾರಪಾ ಬಸಣ್ಣಾ?" ಎಂದು ಹಿರೇಕೆರೂರಿನ ಗಿರಾಕಿಯೊಬ್ಬ ಸಂತೆಗೆಲ್ಲ ಕೇಳುವಂತೆ ಚಾಷ್ಟಿ ಮಾಡಿದ. ನಕ್ಕು, ಮತ್ತೆ ಕೆದರಲು ಹೋದೆ. ಯುದ್ಧದ ಕಾಲದಲ್ಲಿ ಸರ್ಕಾರ ನಡುವೆ ತೂತಿರುವ ದುಡ್ಡು ಹೊರಡಿಸಿದಾಗ ಮಾತ್ರ ಕೊಂಚ ಸಮಾಧಾನವಾಯಿತು. ನಾನು ಅಕ್ಷರವನ್ನಷ್ಟೇ ಅಳಿಸಿದ್ದೆ. ಇವರು ನಡುವನ್ನೇ ತೆಗೆದುಬಿಟ್ಟಿದ್ದರು.

ಹೋದ ಮಳೆಗಾಲದಲ್ಲಿ ಹಾನಗಲ್ಲಿನ ಕೋಟೆಯ ದಿಬ್ಬದ ಮೇಲೆ ಕೊನೆಗೂ ಆನೆ ಸಿಕ್ಕಿತು. ತೊಳೆಯುವುದಿರಲಿ, ಉಗುರನ್ನೂ ತಾಗಿಸಲಿಲ್ಲ. ವೀಳ್ಯದೆಲೆಯಲ್ಲಿ ಸುತ್ತಿಕೊಂಡು ನೇರ ಮಾಸೂರಿಗೆ ಹೋದೆ. ಅಕ್ಕ ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿದಳು.

"ಇದು ಅದಲ್ಲೋ ಬಸ್ಯಾ. ಅದರ ಆನಿ ಸೊಂಡಿ ಎತ್ತಿತ್ತು. ಇದು ಇಳಿಬಿಟ್ಟೈತಿ."

"ಅಕ್ಷರ ಅದಾವಲ್ಲ ಅಕ್ಕಾ. ಇಸವಿ ಓದಸ್ಬಹುದು."

"ಓದಿಸಿ ಏನ್ ಮಾಡ್ಲಿ?" ಎಂದು ನಾಣ್ಯವನ್ನು ನನ್ನ ಕೈಗೇ ಮರಳಿಸಿದಳು. "ನಾ ತಿಕ್ಕಿಲ್ಲ ಅಂದ್ರ ಅಪ್ಪ ಸಾಯೂತನಕ ನಂಬಲಿಲ್ಲ. ಅದನ್ನ ಯಾವ ಆನಿ ಹೇಳತೈತಿ?"

ನಾಣ್ಯ ಸಿಕ್ಕರೆ ನನ್ನ ಬಾಯಿಯ ಕೆಲಸವನ್ನು ಅದೇ ಮಾಡೀತೆಂದು ಇಷ್ಟು ವರ್ಷ ನಂಬಿದ್ದೆ. ಆನೆ ಸೊಂಡಿಲು ಇಳಿಬಿಟ್ಟುಕೊಂಡು ಸುಮ್ಮನೆ ನಿಂತಿತ್ತು. ನಾನು ಅಂಗೈ ಮುಚ್ಚಿದೆ.

"ತಿಕ್ಕಿದಾಂವ ನಾನು ಅಕ್ಕಾ," ಎಂದೆ. "ಇಟ್ಟಂಗಿ ಪುಡಿ ಹಾಕಿದಾಂವ ನಾನು. ಅಪ್ಪ ನಿನ್ನ ಬೈಯೂಮುಂದ ಬಾಗಲಾ ಹಿಂದ ಸುಮ್ಮನ ನಿಂತಾಂವನೂ ನಾನ. ತಪ್ಪಾತು."