ಟ್ರಂಕಿನೊಳಗಿನ ಲೈಬ್ರರಿ

ನನ್ನ ಮೊಮ್ಮಗಳ ಮಾತು ಶುರುವಾದರೆ ನನಗೆ ನಿಲ್ಲಿಸಲು ಬರುವುದಿಲ್ಲ. ಓಣಿಯವರು ನನ್ನನ್ನು ಕಂಡರೆ ದಾರಿ ಬದಲಿಸುತ್ತಾರೆ ಎಂದು ಮಗ ನಗುತ್ತಾನೆ. ನಗಲಿ. ಹಳಿಯಾಳದಲ್ಲಿ ಮೂರನೇ ಇಯತ್ತೆಗೆ ಶಾಲೆ ಬಿಟ್ಟು, ಮುಂದೆ ಮದುವೆಯಾಗಿ ದಾಂಡೇಲಿಗೆ ಬಂದವಳು ನಾನು. ಅಂಥವಳನ್ನು ‘ದಾದಿ’ ಎಂದು ಕರೆಯುವ ಮೊಮ್ಮಗಳು ಆರನೇ ಇಯತ್ತೆಯಲ್ಲಿ ಇರುವಾಗಲೇ ಶಾಲೆಗೊಂದು ಲೈಬ್ರರಿ ಮಾಡಿದಳು ಎಂದರೆ ನಾನು ಬಾಯಿ ಮುಚ್ಚಿಕೊಂಡು ಇರುವುದು ಹೇಗೆ?

ಭಜಿ ಕಟ್ಟಿಕೊಟ್ಟ ಪೇಪರನ್ನೂ ಬಿಡಿಸಿ ಓದುವ ಹುಡುಗಿ ಅದು. ಶಾಲೆಯಲ್ಲಿ ಪಾಠದ ಪುಸ್ತಕ ಬಿಟ್ಟರೆ ಬೇರೆ ಇರಲಿಲ್ಲ. ಹೆಡ್ ಮಾಸ್ತರರನ್ನು ಕೇಳಿದಳು. ಅವರು, ‘ನೀನಾ ತಂದ್ರ ಇಡೂಣು’ ಎಂದು ಮಾತಿಗೆ ಹೇಳಿದರು. ಇವಳು ಸಿಮೆಂಟ್ ಚೀಲ ಹೆಗಲಿಗೆ ಹಾಕಿಕೊಂಡು ನಾವಿರುವ ಅಂಬೇವಾಡಿಯ ಮನೆ ಮನೆ ತಿರುಗಿದಳು. ನೀವು ಓದಿದ್ದು ಕೊಡಿ, ಇನ್ನೊಬ್ಬರದ್ದು ಒಯ್ದು ಓದಿ, ಅಷ್ಟೇ ಅವಳ ಲೆಕ್ಕ. ಕಥೆ ಪುಸ್ತಕ, ಅಡುಗೆ ಪುಸ್ತಕ, ಹಕ್ಕಿಗಳ ಪುಸ್ತಕ, ನೀರಿನ ಪಂಪ್ ಬಿಚ್ಚುವುದು ಹೇಗೆಂಬ ಪುಸ್ತಕ ಕೂಡ ಬಂತು. ಗ್ಯಾರೇಜು ನಡೆಸುವ ನನ್ನ ಮಗ ಪಾರ್ಸಲ್ ಪೆಟ್ಟಿಗೆಯ ಹಲಗೆ ಬಡಿದು ರ‍್ಯಾಕ್ ಮಾಡಿ, ಬೈಕಿನ ಪೆಟ್ರೋಲ್ ಟಾಕಿಗೆ ಹೊಡೆದು ಉಳಿದ ಕೆಂಪು ಬಣ್ಣ ಬಳಿದ. ಅದನ್ನು ಶಾಲೆಯ ಪಡಸಾಲೆಯಲ್ಲಿ ಇಟ್ಟ ದಿನ ನಾನು ಎದುರಿಗೆ ನೆಲದ ಮೇಲೆ ಕುಳಿತು ನೋಡಿದ್ದೇ ನೋಡಿದ್ದು.

ಆ ದಿನ ಹೆಡ್ ಮಾಸ್ತರರು ತಾಯಂದಿರನ್ನೆಲ್ಲ ನಿಲ್ಲಿಸಿ ಭಾಷಣ ಮಾಡಿದರು. ‘ನೋಡ್ರಿ, ಇವು ಇನ್ನೊಬ್ಬರ ವಸ್ತು. ನಿಮ್ಮನ್ನ ನಂಬಿ ಕೊಡಾಕತ್ತೇವಿ. ಒಂದು ಮೂಲಿ ಮಡಚಿರಬಾರದು, ಒಂದು ಕಲೆ ಬಿದ್ದಿರಬಾರದು.’ ಎಲ್ಲರೂ ತಲೆ ಆಡಿಸಿದರು. ಕೆಲವೇ ದಿನಗಳಲ್ಲಿ ರ‍್ಯಾಕ್ ಖಾಲಿಯಾಯಿತು. ಖುಷಿಗೆ ನಾನು ಶಿರಾ ಮಾಡಿ ಓಣಿಗೆಲ್ಲ ಹಂಚಿದೆ.

ಹೋದ ಪುಸ್ತಕ ಒಂದೂ ತಿರುಗಿ ಬರಲಿಲ್ಲ.

ಮೊದಮೊದಲು ಓದುತ್ತಿದ್ದಾರೆ ಎಂದುಕೊಂಡೆವು. ಮಳೆಗಾಲ ಮುಗಿದು ಆರು ತಿಂಗಳ ಸಹಾಮಾಹಿ ಪರೀಕ್ಷೆಯೂ ಆಯಿತು. ರ‍್ಯಾಕಿನಲ್ಲಿ ಧೂಳು. ಮಕ್ಕಳು ಅವಳನ್ನು, ‘ಲೈಬ್ರರಿ ಮೇಡಂ, ಇವತ್ತ ಯಾವ ಪುಸ್ತಕ ಕೊಡ್ತೀರಿ, ಹಲಗಿ ಕೊಡ್ತೀರೇನ?’ ಎಂದು ಕಾಡತೊಡಗಿದರು. ಹೆಡ್ ಮಾಸ್ತರರು ಬೈಯಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು. ‘ಈ ಓಣಿ ಮಂದಿಗೆ ಇದೆಲ್ಲ ಆಗೂದಲ್ಲವಾ. ಶನಿವಾರದೊಳಗ ಎಷ್ಟು ಬರ್ತಾವು ಬರಲಿ, ನನ್ನ ಖೋಲಿಯೊಳಗ ಕೀಲಿ ಹಾಕಿ ಇಡೂಣು’ ಎಂದರಂತೆ. ಕೀಲಿಯೊಳಗೆ ಹೋದ ಪುಸ್ತಕ ಮತ್ತೆ ಮಕ್ಕಳ ಕೈಗೆ ಬರುವುದಿಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು.

ಆ ಸಂಜೆ ಅವಳು ರೊಟ್ಟಿ ಮುಟ್ಟಲಿಲ್ಲ. ‘ದಾದಿ, ನಮ್ಮ ಓಣ್ಯಾಗಿನ ಮಂದಿ ಕಳ್ಳರೇನ?’ ಎಂದು ಕೇಳಿದಳು. ಇಷ್ಟು ವರ್ಷ ಒಬ್ಬರ ಮನೆಯ ಬೆಂಕಿ ಇನ್ನೊಬ್ಬರು ತಂದು ಒಲೆ ಹಚ್ಚಿದ ಓಣಿ. ಮರುದಿನವೇ ಎದ್ದು ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆಗೆ ಹೋದೆ. ಆ ಮನೆಯವಳ ಗಂಡ ಗೋವಾದಲ್ಲಿ ಗಾಡಿ ರಿಪೇರಿ ಮಾಡುತ್ತಾನೆ, ಮಗ ನನ್ನ ಮೊಮ್ಮಗಳ ವರ್ಗದವನೇ.

‘ಏನವಾ, ಶಾಲಿ ಪುಸ್ತಕ ಎಲ್ಲಿ ಐತಿ?’

‘ಐತ್ರಿ, ಎಲ್ಲಿ ಹೋಗತೈತಿ?’ ಎಂದು ಅವಳು ಟ್ರಂಕು ಎಳೆದಳು. ಮದುವೆಯ ಸೀರೆ ಎತ್ತಿದಳು, ಅದರ ಕೆಳಗಿನ ಚಾದರ ಎತ್ತಿದಳು. ತಳದಲ್ಲಿ ಬಿಳಿ ಅರಿವೆಯ ಗಂಟು, ಜೊತೆಗೆ ನುಸಿಗುಳಿಗೆ. ಒಳಗೆ ಪುಸ್ತಕ, ಕೊಟ್ಟ ದಿನದ ಹಾಗೇ.

‘ಹುಡುಗ ಓದಿದನೇನ?’

‘ಓದೂದಾ? ಮತ್ತೊಬ್ಬರು ನಂಬಿ ಕೊಟ್ಟದ್ದು ಯಾರರ ಬಿಚ್ಚತಾರೇನ್ರಿ! ಕೈ ಹಚ್ಚಿದರ ಕೈ ಮುರೀತೀನಿ ಅಂದೀನಿ ಅವಂಗ.’

‘ಮತ್ತ ತಿರುಗಿ ಯಾಕ ಕೊಡಲಿಲ್ಲ?’

‘ಯಾರೂ ಕೇಳಾಕ ಬರಲೇ ಇಲ್ಲಲ್ಲ. ನಾವಾಗಿ ಒಯ್ದು ಕೊಟ್ರ, ತಗೋರಿ ನಿಮ್ಮ ಭಾರ ಅಂತ ಮಾರಿಮ್ಯಾಲ ಒಗದಂಗ ಆಗೂದಿಲ್ಲೇನು?’

ನಮ್ಮಲ್ಲಿ ಕೆಲಸಕ್ಕೆ ಊರು ಬಿಡುವವರು ಪೆಟ್ಟಿಗೆಯನ್ನು ನೆರೆಮನೆಯಲ್ಲಿ ಇಟ್ಟು ಹೋಗುತ್ತಾರೆ. ಇಟ್ಟುಕೊಂಡವರು ಬಿಚ್ಚುವುದಿಲ್ಲ, ಬಳಸುವುದಿಲ್ಲ, ಇಟ್ಟವರು ಬಂದು ಕೇಳುವವರೆಗೆ ಕಾಯುತ್ತಾರೆ. ಹೆಡ್ ಮಾಸ್ತರರು ನಂಬಿ ಕೊಡುತ್ತೇವೆ ಎಂದರು, ಓಣಿ ನಂಬಿಕೆ ಉಳಿಸಿತು. ಎರಡೂ ಕಡೆ ತಪ್ಪಿಲ್ಲ, ನಡುವೆ ಒಂದು ಹುಡುಗಿ ಉಪವಾಸ.

ಮನೆ ಮನೆಗೆ ಹೋಗಿ ಕೇಳಿದೆ. ಎಲ್ಲ ಕಡೆ ಅದೇ ಕಥೆ: ಕಪಾಟಿನ ಮೇಲೆ, ಅಟ್ಟದ ಮೇಲೆ, ಒಬ್ಬಳಂತೂ ಅಕ್ಕಿ ಡಬ್ಬಿಯೊಳಗೆ. ಶನಿವಾರ ಬೆಳಿಗ್ಗೆ ಹೆಂಗಸರೆಲ್ಲ ಗಂಟು ಹಿಡಿದು ಶಾಲೆಗೆ ಬಂದರು. ಹೆಡ್ ಮಾಸ್ತರರು ಒಂದೊಂದೇ ಬಿಡಿಸಿ ನೋಡಿ, ‘ಅಬ್ಬಬ್ಬಾ, ಹೊಸಾವು ಇದ್ದಂಗ ಅದಾವಲ್ರಿ! ನಾನಾ ತಪ್ಪು ತಿಳದಿದ್ದೆ. ಕೀಲಿ ಬ್ಯಾಡ, ಇಲ್ಲೇ ಇರಲಿ’ ಎಂದು ಬಾಯ್ತುಂಬ ಹೊಗಳಿದರು. ರ‍್ಯಾಕ್ ತುಂಬಿತು. ನಾನು ಮೊಮ್ಮಗಳ ಮುಖ ನೋಡಿದೆ. ನಗು ಇರಲಿಲ್ಲ.

‘ಒಂದೂ ಹಾಳಿ ತಿರುವಿಲ್ಲ ದಾದಿ’ ಎಂದಳು. ‘ಯಾರೂ ಓದಿಲ್ಲ.’

ಅದಕ್ಕಿಂತ ಕೆಟ್ಟದ್ದು ಮುಂದೆ ಆಯಿತು. ಇನ್ನೊಂದು ಒಯ್ಯಿರಿ ಎಂದು ಅವಳು ಎಷ್ಟು ಬೇಡಿಕೊಂಡರೂ ಹೆಂಗಸರು ಕೈ ಹಿಂದೆ ಕಟ್ಟಿದರು. ‘ಸಾಕವಾ, ಎದಿ ಮ್ಯಾಲಿನ ಭಾರ ಇಳೀತು. ಮನಿಯೊಳಗ ಸಣ್ಣ ಹುಡುಗರು, ಹರದ್ರ ಯಾರು ಜವಾಬ್ದಾರಿ?’ ತುಂಬಿದ ರ‍್ಯಾಕು ಖಾಲಿ ರ‍್ಯಾಕಿಗಿಂತ ಬಣಬಣ ಎನ್ನಿಸಿತು.

ಏನು ಮಾಡಬೇಕು ತಿಳಿಯದೆ ನಾನೇ ಒಂದು ಪುಸ್ತಕ ಎತ್ತಿಕೊಂಡು ಬಂದೆ. ಹಡಗಿನ ಅಡುಗೆಯವನೊಬ್ಬನ ಕಥೆ. ದಿನಾ ಮಧ್ಯಾಹ್ನ ಹೊರಗಿನ ಕಟ್ಟೆಯ ಮೇಲೆ ಕುಳಿತು ಅಕ್ಷರ ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದೆ. ಮನಸ್ಸಿನಲ್ಲೇ ಓದಲು ನನಗೆ ಬರುವುದಿಲ್ಲ. ಒತ್ತಕ್ಷರ ಬಂದಲ್ಲಿ ಮುಗ್ಗರಿಸಿದೆ, ಆಡುವ ಮಕ್ಕಳು ನಿಂತು ಸರಿಪಡಿಸಿ ನಕ್ಕರು. ಒಂದು ದಿನ ಓದುತ್ತಾ ಓದುತ್ತಾ ಭಜಿ ತಿಂದ ಕೈಯಲ್ಲೇ ಹಾಳೆ ತಿರುವಿದೆ. ಎಣ್ಣೆಯ ಬೆರಳು ಪುಟದ ತುಂಬ ಮೂಡಿತು. ಒರೆಸಲು ಹೋದೆ, ಇನ್ನಷ್ಟು ಹರಡಿತು.

ಸೋಮವಾರ ಹೆದರಿಕೊಂಡೇ ಶಾಲೆಗೆ ಒಯ್ದೆ. ಮಗನನ್ನು ಬಿಡಲು ಬಂದ ಪಕ್ಕದ ಮನೆಯವಳೂ ಪಡಸಾಲೆಯಲ್ಲಿದ್ದಳು. ಹೆಡ್ ಮಾಸ್ತರರು ಪುಟ ಬಿಡಿಸಿ ಮುಖ ಕಿವುಚಿದರು.

‘ಏನ್ರೀ ಅಮ್ಮಾ, ಹೊಲಸ ಮಾಡಿರಲ್ಲ.’

‘ಮಾಡೀನ್ರಿ’ ಎಂದೆ.

ಪಕ್ಕದ ಮನೆಯವಳು ಹತ್ತಿರ ಬಂದು ಕಲೆಯನ್ನು ನೋಡಿದಳು, ನನ್ನನ್ನು ನೋಡಿದಳು. ‘ಗ್ವಾಡಿ ಆಚೆ ಕೇಳ್ತಿತ್ರಿ ನಿಮ್ಮ ಓದೂದು’ ಎಂದಳು. ‘ಆ ಅಡಿಗಿಯವ ದಂಡಿ ಮುಟ್ಟಿದನೋ, ನೀರಪಾಲಾದನೋ? ಅಷ್ಟರೊಳಗ ನಾ ಸಂತಿಗೆ ಹೋಗಿಬಿಟ್ಟೆ.’

‘ಹುಡುಗನ ಕಡೆ ಓದಿಸಿ ಕೇಳು’ ಎಂದೆ.

ಮೊಮ್ಮಗಳು ಓಡಿಹೋಗಿ ರ‍್ಯಾಕಿನಿಂದ ಒಂದು ಸ್ವಚ್ಛ ಪುಸ್ತಕ ತಂದು, ‘ಇದೂ ಚಲೋ ಐತ್ರಿ, ಒಯ್ರಿ’ ಎಂದಳು.

‘ಬ್ಯಾಡವಾ, ಅದನ್ನ ಮತ್ತ ಕಾಯಬೇಕಾಗತೈತಿ. ನನಗ ಈ ಹೊಲಸಾದದ್ದಾ ಇರಲಿ. ಇದಕ್ಕ ಇನ್ನೇನ ಆಗೂದೈತಿ’ ಎಂದು ಅವಳು ಎಣ್ಣೆಯ ಪುಸ್ತಕವನ್ನು ಮಾಸ್ತರರ ಕೈಯಿಂದಲೇ ತೆಗೆದುಕೊಂಡು ಮಗನ ಚೀಲಕ್ಕೆ ತುರುಕಿದಳು.

ಉಳಿದವೆಲ್ಲ ರ‍್ಯಾಕಿನಲ್ಲಿ ಮಡಿಕೆ ಮುರಿಯದೆ ಕುಳಿತಿದ್ದವು. ಮೊಮ್ಮಗಳು ಅವುಗಳನ್ನು ಒಂದೊಂದಾಗಿ ನೋಡಿ, ದಪ್ಪನೆಯದೊಂದನ್ನು ತಂದು ನನ್ನ ಮಡಿಲಲ್ಲಿ ಇಟ್ಟಳು.

‘ದಾದಿ, ಇದನ್ನೊಂದು ಹೊಲಸ ಮಾಡಿಕೊಡ್ತೀಯೇನ?’